ಹಾಸಿಗೆ ದೊರೆಗೆ ಅರ್ಧ ಪಟ್ಟಿ ಮಾತ್ರೆ

ಅಣ್ಣ,

ಮನೆ ಬಿಟ್ಟ ನೀನು ಎಲ್ಲಿದ್ದೀಯೋ, ಇದನ್ನು ಯಾವ ವಿಳಾಸಕ್ಕೆ ಹಾಕಲಿ? ಆದರೂ ಹೇಳಲೇಬೇಕು. ಮೊನ್ನೆ ಮದುವೆಯೂಟ ಹೊಟ್ಟೆ ಬಿರಿಯ ಉಂಡು ಮಲಗಿದವಳಿಗೆ, ನಿನ್ನೆ ಬೆಳಿಗ್ಗೆ ಎಚ್ಚರವಾದಾಗ ಕಾಲುಗಳು ಮಾತು ಕೇಳಲಿಲ್ಲ. ಕೂಗಿದೆ.

"ಹಾಸಿಗೆ ದೊರೆ ಹೋದ, ಈಗ ನೀನು ಪಟ್ಟಕ್ಕೆ ಬಂದ್ಯಾ? ಏಳೇ, ಸಾಕು," ಎಂದಳು ಅಮ್ಮ, ಅಡುಗೆಮನೆಯಿಂದಲೇ. ನಿನಗಿಟ್ಟಿದ್ದ ಅದೇ ಹೆಸರು. ಆಮೇಲೆ ಬಂದು ನನ್ನ ಕಾಲನ್ನು ಎತ್ತಿ ಬಿಟ್ಟಳು. ಅದು ದೊಪ್ಪನೆ ಬಿತ್ತು.

ನನ್ನನ್ನು ಆಸ್ಪತ್ರೆಗೆ ಹೊತ್ತೊಯ್ದರು. ಥೈರಾಯ್ಡ್ ಹೆಚ್ಚಾಗಿ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದಿದೆ, ಮದುವೆಯೂಟವೂ ಸೇರಿ ಕಾಲಿನ ಬಲ ಹೋಗಿದೆ, ಇನ್ನಷ್ಟು ಇಳಿದಿದ್ದರೆ ಹೃದಯವೇ ನಿಲ್ಲಬಹುದಿತ್ತು ಎಂದರು ಡಾಕ್ಟರು. ಡ್ರಿಪ್ ಹಾಕಿ, ಬೀಟಾ ಬ್ಲಾಕರ್ ಎಂಬ ಸಣ್ಣ ಮಾತ್ರೆ ಬರೆದುಕೊಟ್ಟರು. ಎದೆಬಡಿತ ತಗ್ಗಿಸುವ ಆ ಮಾತ್ರೆ ಕಾಲನ್ನೂ ಕಾಯುತ್ತದಂತೆ.

"ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?"

ಅಮ್ಮ ನನ್ನ ಕಾಲಿನ ಮೇಲೆ ಹೊದಿಕೆ ಎಳೆದಳು. "ನನ್ನ ಮಗನಿಗೆ. ಮುಖಕ್ಕೆ ನೀರು ಸುರಿದು ಎಬ್ಬಿಸ್ತಿದ್ವಿ."

ಅಣ್ಣ, ದಮ್ಮಯ್ಯ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೋ. ಒಬ್ಬನೇ ಮಲಗಬೇಡ. ಮಲಗಿದರೂ ಬಾಗಿಲಿಗೆ ಚಿಲಕ ಹಾಕಬೇಡ.

ಇವತ್ತು ಮನೆಗೆ ಬಂದ ಮೇಲೆ ಅಮ್ಮ ನನ್ನ ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಎರಡು ಮಾಡಿ, ಒಂದನ್ನು ನಿನ್ನ ದಿಂಬಿನ ಕೆಳಗೆ ಇಟ್ಟಿದ್ದಾಳೆ.