ಸಂಡೂರಿನ ಏಳೂವರೆ ಬಸ್ಸು

೧೨ ಮಾರ್ಚ್ ೨೦೦೬, ಭಾನುವಾರ

ನನ್ನ ಜಗಳಗಂಟ ಬಾಯಿಂದ ಅಲ್ಲ. ಜನ ನಮ್ಮ ಬಸ್ಸು ಬಿಟ್ಟಿದ್ದು ಅದಿರು ಲಾರಿಗಳಿಂದ. ರೋಡು ಎಲ್ಲಿ ಉಳಿದಿದೆ? ಹೊಸಪೇಟೆಯಿಂದ ಸಂಡೂರಿಗೆ ಮೊದಲು ಒಂದು ತಾಸು. ಈಗ ಮೂರು. ಅದಕ್ಕೆ ಕಂಡಕ್ಟರ್ ನಾನು ಏನು ಮಾಡಬೇಕು? ಬಸ್ಸನ್ನು ತಲೆಯ ಮೇಲೆ ಹೊತ್ತು ಓಡಬೇಕಾ? ನಮ್ಮಣ್ಣ ಗಾಳೆಪ್ಪನ ಮುಖಕ್ಕೇ ಹೇಳಿದೆ.

“ಲೇ ಹುಲುಗ, ಒಂಬತ್ತನೇ ಕ್ಲಾಸ್ ಫೇಲಾದವ ನೀನು. ನನಗ ಬುದ್ಧಿ ಹೇಳಬ್ಯಾಡ. ಬಸ್ಸು ಮಾರೋದ. ಕಾರ್ ತಗೊಂಡು ಮೈನ್ಸ್‌ನವ್ರಿಗೆ ಬಾಡಿಗಿ ಬಿಡೋದ.”

ಫೇಲಾಗಿಲ್ಲ. ಬಿಟ್ಟೆ. ಅದು ಬೇರೆ.

ಬಸ್ಸು ಅಪ್ಪನದು, ಆ ರೂಟಿನ ಪರ್ಮಿಟ್ ಅವನ ಹೆಸರಲ್ಲಿ. ಇಪ್ಪತ್ತೆರಡು ವರ್ಷದಿಂದ ಡ್ರೈವರ್ ಕೂಡ ಅವನೇ. ಒಂದು ಮಾತು ಆಡಬಹುದಿತ್ತು.

೧೪ ಮಾರ್ಚ್, ಮಧ್ಯಾಹ್ನ, ಸಂಡೂರು ಸ್ಟ್ಯಾಂಡ್

ಬೆಳಗಿನ ಏಳೂವರೆ ಟ್ರಿಪ್ಪಿಗೆ ಹನ್ನೊಂದು ಜನ. ದಾರಿಯಲ್ಲಿ ಲಾರಿ ಸಾಲು, ಒಂದೂವರೆ ತಾಸು ನಿಂತೆವು. ಮೊಸರು ಮಾರುವ ಜಂಬವ್ವ ಗಡಿಗೆ ಹಿಡಿದು ಕೂಗಿದಳು— “ಏ ಎರ್ರಿಯಪ್ಪ, ನಿನ್ ಬಸ್ಸಿನ್ಯಾಗ ಕುಲುಕಿ ಕುಲುಕಿ ಮೊಸರೆಲ್ಲ ಮಜ್ಜಿಗಿ ಆತಲ್ಲೋ!”

ಅಪ್ಪ ತಿರುಗದೇ ಹೇಳಿದ— “ಬೆಣ್ಣಿ ಬಂದ್ರ ಅರ್ಧ ನಂದು ಮತ್ತ.”

ಹನ್ನೊಂದು ಜನವೂ ನಕ್ಕರು. ಹಿಂದೆ ಎಪ್ಪತ್ತು ಜನ ನಗುತ್ತಿದ್ದರು.

ಸಣ್ಣವನಿದ್ದಾಗ ಅಪ್ಪನ ಪಕ್ಕ ಇಂಜಿನ್ ಬಾನೆಟ್ ಮೇಲೆ ಕೂರುತ್ತಿದ್ದೆ. ಕುಂಡಿ ಸುಡುತ್ತಿತ್ತು, ಏಳುತ್ತಿರಲಿಲ್ಲ. ಘಾಟ್ ರೋಡಿನ ಏರು ಬಂದರೆ ಅಪ್ಪ ಎರಡನೇ ಗೇರು ಹಾಕುವನು, ಬಸ್ಸು ತುಂಬಾ ಜನ ಗಪ್‌ಚುಪ್. ಆಮೇಲೆ ಗಿಡಗಳ ತಂಪು ಗಾಳಿ... ಎಲ್ಲರೂ ಒಟ್ಟಿಗೆ ಮಾತು ಶುರು. ಗಣಿಗೆ ಹೋದವರಿಗೆ ಮನೆಯವರು ಕಳಿಸಿದ ಬುತ್ತಿ ಡಬ್ಬಿಗಳು ಬಸ್ಸಲ್ಲೇ ಬರುತ್ತಿದ್ದವು, ಜೊತೆಗೆ ಆಳಿಲ್ಲ. ಯಾರ ಡಬ್ಬಿ ಯಾರಿಗೆ ಅಂತ ಅಪ್ಪ ಮುಚ್ಚಳದ ತಗ್ಗು ನೋಡಿಯೇ ಹೇಳುತ್ತಿದ್ದ. ಹೊಸದಾಗಿ ಮದುವೆಯಾದವರು ಹತ್ತಿದರೆ ಡ್ರೈವರ್ ಹಿಂದಿನ ಸೀಟು ಅವರಿಗೇ. ಯಾವ ಗೌಡ ಕುಂತಿದ್ದರೂ ಏಳಬೇಕು.

ಇವತ್ತು ಒಂದು ಬಿಳಿ ಸ್ಕಾರ್ಪಿಯೋ ಹಾರ್ನ್ ಹೊಡೆದು ಹೊಡೆದು ಮುಂದೆ ಹೋಯಿತು. ಗ್ಲಾಸ್ ಏರಿಸಿತ್ತು. ಅಷ್ಟು ದೊಡ್ಡ ಗಾಡಿ, ಒಳಗೆ ಒಬ್ಬನೇ. ನನ್ನ ಜೊತೆ ಶಾಲೆಗೆ ಬರುತ್ತಿದ್ದವನು. ಕೈ ಎತ್ತಿದೆ. ಫೋನಲ್ಲಿದ್ದ.

೨೦ ಮಾರ್ಚ್

ಗಾಳೆಪ್ಪ ಪೇಪರ್ ತಂದ. ಪೂರ್ತಿ ಇಂಗ್ಲಿಷ್. ಅಪ್ಪನಿಗೆ ಸಹಿ ಮಾತ್ರ ಬರುತ್ತೆ. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟ— “ಏನೈತಿ ನೋಡಪಾ.”

“ಅವ ಓದ್ತಾನ?” ಅಂತ ಗಾಳೆಪ್ಪ ನಕ್ಕ.

ಮೇಲಿಂದ ಕೆಳಗೆ ನೋಡಿದೆ. ಬಸ್ ನಂಬರ್ ಇತ್ತು. ಆರ್.ಟಿ.ಒ. ಅಂತ ಇತ್ತು.

“ಟ್ಯಾಕ್ಸ್ ಪೇಪರ್ ಐತಿ. ಸೈನ್ ಮಾಡು” ಅಂದೆ.

ಅಪ್ಪ ಮಾಡಿದ. ಗಾಳೆಪ್ಪ ಮಡಚಿ ಜೇಬಿಗೆ ಇಟ್ಟ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

೯ ಏಪ್ರಿಲ್

ಬರೆಯಲು ಕೈ ಬಂದಿರಲಿಲ್ಲ.

ಬಸ್ಸು ನಿಂತು ಆರು ದಿನ. ಯಾಕೆ ಅಂತ ಗಾಳೆಪ್ಪ ನನಗೆ ಹೇಳಿರಲಿಲ್ಲ. ಇವತ್ತು ಸ್ಟ್ಯಾಂಡಿನ ಏಜೆಂಟ್ ಪಕೀರಪ್ಪ ಹೇಳಿದ— “ನಿಮ್ಮಪ್ಪ ತಾನ ಸಹಿ ಹಾಕಿ ಪರ್ಮಿಟ್ ಆರ್.ಟಿ.ಒ.ಗೆ ವಾಪಸ್ ಕೊಟ್ಟಾನಲ್ಲೋ! ನಿನಗ ಗೊತ್ತಿಲ್ಲೇನು?”

ಮನೆಗೆ ಓಡಿ ಬಂದೆ. ಬಾಗಿಲ ಮುಂದೆ ಹೊಸ ಬೊಲೆರೋ ಕಾರು, ಇನ್ನೂ ಸೀಟಿನ ಪ್ಲಾಸ್ಟಿಕ್ ತೆಗೆದಿಲ್ಲ. ಗಾಳೆಪ್ಪನ ಕಾಲರ್ ಹಿಡಿದೆ. ಮೋಸಗಾರ ಅಂದೆ. ಇನ್ನೂ ಏನೇನೋ ಅಂದೆ.

“ಅಪ್ಪನ ಸೊಂಟ ನೋಡಿಯೇನು? ಆ ರೋಡಿನ್ಯಾಗ ಇನ್ನೊಂದು ವರ್ಷ ಹೊಡದ್ರ ಮ್ಯಾಲೆ ಏಳಂಗಿಲ್ಲ ಅವ.” ಆಮೇಲೆ ಮೆಲ್ಲಗೆ— “ಮತ್ತ ಪೇಪರ್ ಓದಿ ಹೇಳಿದವ ಯಾರು?”

ಕಾಲರ್ ಬಿಟ್ಟೆ.

೧೧ ಏಪ್ರಿಲ್

ಅಪ್ಪನಿಗೆ ಗೌರ್ಮೆಂಟಿನವರೇ ಪರ್ಮಿಟ್ ಕಿತ್ತುಕೊಂಡರು ಅಂತ ಗಾಳೆಪ್ಪ ಹೇಳಿದ್ದಾನೆ. ಅಪ್ಪ ಆರಕ್ಕೆ ಎದ್ದು ಬಸ್ಸಿನ ಗ್ಲಾಸ್ ಒರೆಸುತ್ತಾನೆ. ಎಲ್ಲಿಗೂ ಹೋಗದ ಬಸ್ಸು. ನೋಡಲು ಆಗುವುದಿಲ್ಲ.

ಹೇಳಬೇಕು. ಹೇಳಿದರೆ ನನ್ನ ಮುಖ ನೋಡುತ್ತಾನಾ?

೧೩ ಏಪ್ರಿಲ್, ಬೆಳಿಗ್ಗೆ ಆರೂವರೆ

ಇವತ್ತು ಕೊಂಡವರು ಬಸ್ಸು ಒಯ್ಯಲು ಬರುತ್ತಾರೆ. ಹೇಳಿಬಿಟ್ಟೆ.

“ಅಪ್ಪ, ಅವತ್ತಿನ ಪೇಪರ್... ನನಗ ಓದಾಕ ಬಂದಿಲ್ಲ. ಸುಮ್ನ ಅಂದೆ.”

ಅಪ್ಪ ಗ್ಲಾಸ್ ಒರೆಸುವ ಬಟ್ಟೆ ಹಿಂಡಿದ. “ಗೊತ್ತಿತ್ತಲೇ. ನಿನ್ ಕಣ್ಣು ಒಂದ ಕಡೆ ನಿಂತಿತ್ತು.”

“ಮತ್ತ ಯಾಕ ಸೈನ್ ಮಾಡಿದಿ?”

“ನಿಮ್ಮಣ್ಣನ ಮುಂದ ನಿನಗ ಬರಂಗಿಲ್ಲ ಅಂತ ನಾ ಹೆಂಗ ಅನ್ಲಿ?”

ಇಷ್ಟೇ ಅಂದ. ಬಯ್ಯಲಿಲ್ಲ. ಬೈದಿದ್ದರೆ ಈ ಮನೆಯಲ್ಲೇ ನಿಲ್ಲುತ್ತಿದ್ದೆನೇನೋ.

ಗಾಳೆಪ್ಪ ಬೊಲೆರೋ ಕೀ ನನ್ನ ಮುಂದೆ ಎಸೆದ. “ನಾಳಿಂದ ನೀನ ಡ್ರೈವರ್. ಎ.ಸಿ. ಹಾಕ್ಕೊಂಡು ಮಸ್ತ್ ಇರು.” ಎತ್ತಲಿಲ್ಲ. ಕಂಪ್ಲಿ ಬಸ್ಸಿಗೆ ಕಂಡಕ್ಟರ್ ಬೇಕು ಅಂತ ಪಕೀರಪ್ಪ ಹೇಳಿದ್ದ. ಅಲ್ಲಿಗೆ ಹೋಗುತ್ತೇನೆ. ಯಾರಿಗೂ ಗ್ಲಾಸ್ ಏರಿಸಿಕೊಟ್ಟು ಗಾಡಿ ಹೊಡೆಯುವವನಲ್ಲ ನಾನು.

ಚೀಲ ಕಟ್ಟಿದೆ. ಪಡಸಾಲೆಯಿಂದ ಗಾಳೆಪ್ಪ ಅರಚುತ್ತಿದ್ದಾನೆ— “ಹೊಸ್ತಿಲು ದಾಟಿದ್ರ ವಾಪಸ್ ಬರಬ್ಯಾಡ!”

ಬರುವುದಿಲ್ಲ. ಈ ಬಾಗಿಲು ಎಳೆದು ಹೊಡೆಯುವ ಹೊಡೆತಕ್ಕೆ ಚೌಕಟ್ಟು ಅದುರಬೇಕು, ಕೇಳಿಸಬೇಕು ಅವನಿಗೆ, ಓಣಿಗೆಲ್ಲ—