ಕಾಳಿನ ಕೈಮಾ, ಮಸಾಲೆ ಬಿಟ್ಟು

ಜುಲೈ 21, ಸೋಮವಾರ. ಸಂಜೆ 7.30

ಪೀಣ್ಯದಿಂದ ಮಾದನಾಯಕನಹಳ್ಳಿಗೆ ಬರಲು ಇವತ್ತೂ ಒಂದೂಕಾಲು ಗಂಟೆ. ಎಂಟನೇ ಮೈಲಿ ಜಂಕ್ಷನ್‌ನ ಟ್ರಾಫಿಕ್‌ನಲ್ಲೇ ನಲವತ್ತು ನಿಮಿಷ. ತಲೆ ಕೆಟ್ಟುಹೋಗಿದೆ.

ಲ್ಯಾಬ್‌ನಲ್ಲಿ ಮೂರನೇ ಸಲ ಅದೇ ಟೆಸ್ಟ್. ಸೋಯಾ, ಬಟಾಣಿಯಿಂದ ಮಾಡಿದ ಕೈಮಾ, ಮಾಂಸದ ಬದಲಿಗೆ. ಪ್ಯಾಕೆಟ್‌ನಲ್ಲಿ ಒಣ ಹರಳು, ಜೊತೆಗೊಂದು ಮಸಾಲೆ ಪೊಟ್ಟಣ. ಪ್ರೋಟೀನ್ ಚೆನ್ನಾಗಿದೆ, ಕೊಬ್ಬು ಕಡಿಮೆ, ನಾರಿನಂಶವೂ ಇದೆ. ಒಳ್ಳೆಯ ಮಾಲು, ಸುಳ್ಳು ಹೇಳಬಾರದು. ಆದರೆ ಲೇಬಲ್ ಪ್ರಿಂಟ್‌ಗೆ ಹೋಗಬೇಕು, ಮಸಾಲೆ ಮಾಡಿಕೊಡುವವರ ರಿಪೋರ್ಟ್ ಇನ್ನೂ ಬಂದಿಲ್ಲ.

ಮ್ಯಾನೇಜರ್ ವಿಶ್ವನಾಥ್ ಸರ್: "ಹರಳಿಂದು ಮಾತ್ರ ಹಾಕ್ಬಿಡಿ ಶೋಭಾ. ಮಸಾಲೆ ಏನ್ ಮಹಾ ಇರತ್ತೆ?"

ಒಂದು ಪ್ಯಾಕೆಟ್ ನಾಲ್ಕು ಜನಕ್ಕೆ; ಒಬ್ಬರ ಊಟಕ್ಕೆ ಪ್ರೋಟೀನ್ 15 ಗ್ರಾಂ, ಸೋಡಿಯಂ 30 ಮಿಲಿಗ್ರಾಂ. ಕೆಳಗೆ ಸೈನ್ ಹಾಕಿದೆ. ಬಸ್ ತಪ್ಪಿಹೋಗುವುದರಲ್ಲಿತ್ತು.

ಜುಲೈ 25, ಶುಕ್ರವಾರ

ಶ್ರಾವಣ ಶುರು. ಬಾಡು ಬೇಯಿಸುವ ಪಾತ್ರೆಗಳನ್ನೆಲ್ಲ ಅಮ್ಮ ಉಜ್ಜಿ ತೊಳೆದು, ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದಳು. ತಿಂಗಳು ಪೂರ್ತಿ ಮೊಟ್ಟೆಯೂ ಇಲ್ಲ. ಬಿಪಿ ಅಂತ ಡಾಕ್ಟರು ಉಪ್ಪನ್ನೂ ಅರ್ಧಕ್ಕೆ ಇಳಿಸಿದ್ದಾರೆ. ಮುಖ ಊದಿಸಿಕೊಂಡು ಕೂತಿದ್ದಳು. ಇಪ್ಪತ್ತು ಸ್ಯಾಂಪಲ್ ಪ್ಯಾಕೆಟ್ ತಂದುಕೊಟ್ಟೆ. ಲೇಬಲ್ ಓದಿ ಹೇಳಿದೆ. ಉಪ್ಪಿನಂಶ ಇಲ್ಲವೇ ಇಲ್ಲ ಅನ್ನಬಹುದು, ಧೈರ್ಯವಾಗಿ ತಿನ್ನು ಅಂದೆ.

"ಇದನ್ನ ಯಾವ ಪಾತ್ರೇಲಿ ಮಾಡ್ಲಿ?"

"ಯಾವುದ್ರಲ್ಲಾದ್ರೂ ಮಾಡಮ್ಮ, ಕಾಳು ಅದು."

"ಕಾಳು ಸರಿ ಕಣೆ. ನೋಡೋಕೆ ಬಾಡಿನಂಗೇ ಐತಲ್ಲ."

ಅರ್ಧ ಗಂಟೆ ಇದೇ ಚರ್ಚೆ. ಅಟ್ಟದ ಪಾತ್ರೆ ಇಳಿಸುವಂತಿಲ್ಲ, ದಿನದ ಪಾತ್ರೆ ಮುಟ್ಟುವಂತಿಲ್ಲ. ಕೊನೆಗೆ ಗೃಹಪ್ರವೇಶಕ್ಕೆ ಯಾರೋ ಕೊಟ್ಟಿದ್ದ ಹೊಸ ಕುಕ್ಕರಿನ ಡಬ್ಬ ಬಿಚ್ಚಿದಳು. ಅದು ಯಾವ ಕಡೆಗೂ ಸೇರದ್ದಂತೆ!

ಜುಲೈ 31, ಗುರುವಾರ

ದಿನಾ ಕೈಮಾ ಉಂಡೆ ಸಾರು, ಮುದ್ದೆ. ಅರ್ಧ ಪ್ಯಾಕೆಟ್ ಅವಳೊಬ್ಬಳೇ ಮುಗಿಸುತ್ತಾಳೆ. ನನಗೆ ಎರಡು ಹೊತ್ತೂ ಕ್ಯಾಂಟೀನ್. ಇವತ್ತು ಒಂದು ಉಂಡೆ ಬಾಯಿಗೆ ಹಾಕಿಕೊಂಡೆ.

"ಉಪ್ಪು ಜಾಸ್ತಿ ಆಯ್ತು. ಹಾಕ್ಬೇಡ ಅಂದಿದ್ದೆ ತಾನೆ?"

"ನಾನ್ ಒಂದ್ ಹರಳೂ ಆಕಿಲ್ಲ ಕಣೆ."

ಹಾಕಿದ್ದಾಳೆ. ಗೊತ್ತು ನನಗೆ ಇವಳ ನಾಲಿಗೆ.

ಪಕ್ಕದ ಮನೆ ಮಾರಕ್ಕನಿಗೆ ಕಾಂಪೌಂಡ್ ಮೇಲಿಂದ ಲೇಬಲ್ ತೋರಿಸುತ್ತಿದ್ದಳು. ಇಬ್ಬರಿಗೂ ಇಂಗ್ಲಿಷ್ ಬರುವುದಿಲ್ಲ. "ಇದ್ರಲ್ಲಿರೋದೆಲ್ಲ ನಮ್ ಶೋಭನೇ ಅಳತೆ ಮಾಡಿ ಸೈನ್ ಆಕವ್ಳೆ."

ಆಗಸ್ಟ್ 9, ಶನಿವಾರ

ಬರೆಯಲು ಆಗಿರಲಿಲ್ಲ. ಅಮ್ಮನ ಕಾಲು ಊದಿಕೊಂಡಿದೆ. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ನಿನ್ನೆ ವರಮಹಾಲಕ್ಷ್ಮಿ ಪೂಜೆಗೆ ಕೂತವಳು ಏಳುವಾಗ ತಲೆ ಸುತ್ತಿ ಗೋಡೆ ಹಿಡಿದಳು. ಬಿಪಿ 190/110.

ಡಾಕ್ಟರು ರೇಗಿದರು. "ಹೀಗೇ ಬಿಟ್ರೆ ಸ್ಟ್ರೋಕ್ ಆಗತ್ತೆ. ಉಪ್ಪಿನಕಾಯಿ ತಿಂತಿದ್ದೀರಾ ಅಮ್ಮಾ?"

"ಇಲ್ಲ ಸಾ."

ಯಾರು ನಂಬುತ್ತಾರೆ? ಮನೆಗೆ ಬಂದು ಕೂಗಾಡಿದೆ. ಮಾವಿನಕಾಯಿ ಜಾಡಿ, ಉಪ್ಪಿನ ಡಬ್ಬಿ ಎರಡನ್ನೂ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. "ಕಳ್ಳಿ ತರ ತಿಂತೀಯಲ್ಲ, ನಾಚಿಕೆ ಆಗಲ್ವಾ?" ಅಂದುಬಿಟ್ಟೆ.



ಆಗಸ್ಟ್ 12, ಮಂಗಳವಾರ

ಮೂರು ದಿನದಿಂದ ಮಾತಿಲ್ಲ. ಸಾರು, ಪಲ್ಯ ಎಲ್ಲಾ ಸಪ್ಪೆ. ರುಚಿ ಅಂತ ಅವಳಿಗೆ ಉಳಿದಿರುವುದು ನಮ್ಮ ಕೈಮಾ ಒಂದೇ. ಊತ ಮಾತ್ರ ಇಳಿದಿಲ್ಲ. ಇನ್ನೆಲ್ಲಿ ಬಚ್ಚಿಟ್ಟುಕೊಂಡಿದ್ದಾಳೆ? ಅವಳು ಸ್ನಾನಕ್ಕೆ ಹೋದಾಗ ದಿಂಬಿನ ಕೆಳಗೂ ಹುಡುಕಿದೆ. ಥೂ, ನನ್ನ ಬುದ್ಧಿಗಿಷ್ಟು...

ಆಗಸ್ಟ್ 14, ಗುರುವಾರ. ಮಧ್ಯಾಹ್ನ 3, ಲ್ಯಾಬ್

ಮಸಾಲೆಯ ರಿಪೋರ್ಟ್ ಬಂತು. ಇಪ್ಪತ್ತು ಗ್ರಾಂ ಪೊಟ್ಟಣದಲ್ಲಿ ಒಂಬತ್ತು ಗ್ರಾಂ ಬರೀ ಉಪ್ಪು.

ಒಬ್ಬರ ಊಟಕ್ಕೆ ಸೋಡಿಯಂ 30 ಅಲ್ಲ, 930. ಅಮ್ಮ ತಿನ್ನುವುದು ಎರಡು ಪಾಲು, ಅದೊಂದರಿಂದಲೇ 1860. ಇಡೀ ದಿನಕ್ಕೆ ಎರಡು ಸಾವಿರ ದಾಟಬಾರದು ಅಂದಿದ್ದರು ಡಾಕ್ಟರು.

ಅವಳು ಉಪ್ಪು ಹಾಕಿರಲಿಲ್ಲ. ಒಂದು ಹರಳೂ.

ಸಂಜೆ 5

ವಿಶ್ವನಾಥ್ ಸರ್ ರಿಪೋರ್ಟನ್ನು ಪೂರ್ತಿ ನೋಡಲೂ ಇಲ್ಲ. "ಪೊಟ್ಟಣ ಬೇರೆ ಅಲ್ವಾಮ್ಮಾ? ನೆಕ್ಸ್ಟ್ ಬ್ಯಾಚ್‌ಗೆ ಸ್ಟಿಕ್ಕರ್ ಹಾಕೋಣ. ಸೋಮವಾರ ಲೋಡ್ ಹೋಗ್ಲಿ."

"ಬಿಪಿ ಇರೋರು ತಿಂತಾರೆ ಸರ್. ಉಪ್ಪು ಕಮ್ಮಿ ಅಂತ್ಲೇ ತಗೋತಾರೆ."

"ಈಗ ಹೇಳ್ತೀರಲ್ಲ! ಸೈನ್ ಯಾರ್ದು?"

ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಗೊತ್ತಿಲ್ಲ.

ಆಗಸ್ಟ್ 15, ಶುಕ್ರವಾರ

ರಜೆ. ಬೆಳಿಗ್ಗೆ ಅಮ್ಮ ಅದೇ ಕುಕ್ಕರ್ ಒಲೆಯ ಮೇಲಿಡುತ್ತಿದ್ದಳು. ಕೈಯಿಂದ ಕಿತ್ತುಕೊಂಡೆ. ಎಲ್ಲಾ ಹೇಳಿದೆ. ಕಳ್ಳಿ ಅಂದಿದ್ದಕ್ಕೆ ತಪ್ಪಾಯ್ತು ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಒಲೆ ಆರಿಸಿದಳು. ಆಮೇಲೆ, "ನೀನ್ ಸೈನ್ ಆಕಿದ್ದು ಅಂತ ತಿಂದೆ."

ಬೈದಿದ್ದರೆ ವಾಸಿಯಿತ್ತು.

"ಜಾಡಿ ತಂದು ಅದ್ರ ಜಾಗದಲ್ಲಿ ಮಡಗು. ನಾನ್ ತಿನ್ನಾಕಿಲ್ಲ. ಅಲ್ಲೇ ಇರ್ಬೇಕು ಅದು."

ತಂದಿಟ್ಟೆ. ಅವಳು ಎದ್ದು, ಕಾಲೆಳೆದುಕೊಂಡು ಬಾಗಿಲಿಗೆ ಹೊರಟಳು.

"ಎಲ್ಲಿಗಮ್ಮ?"

"ಮಾರಕ್ಕಂಗೆ ನಾಕ್ ಪಾಕೀಟು ಕೊಟ್ಟಿವ್ನಿ. ಅವ್ಳೂ ಬಿಪಿ ಮಾತ್ರೆ ನುಂಗ್ತಾಳೆ."

ಅವಳನ್ನು ಕೂರಿಸಿ ನಾನೇ ಓಡಿದೆ. ಮೂರು ಸಿಕ್ಕವು. ಒಂದು ಮಾರಕ್ಕನ ಒಲೆಯ ಮೇಲೆ ಕುದಿಯುತ್ತಿತ್ತು.

ಆಗಸ್ಟ್ 18, ಸೋಮವಾರ. ಬೆಳಿಗ್ಗೆ 8.40

ಊತ ಸ್ವಲ್ಪ ಇಳಿದಿದೆ. ಹತ್ತು ಗಂಟೆಗೆ ಲೋಡ್. ನಾಲ್ಕು ಸಾವಿರ ಪ್ಯಾಕೆಟ್. ಅವು ಯಾರ ಒಲೆಯ ಮೇಲೆ ಕುದಿಯುತ್ತವೋ, ಓಡಿಹೋಗಿ ಇಳಿಸಲು ಆಗುವುದಿಲ್ಲ.

ಮೇಲ್ ಕಳಿಸಿದೆ. ಸ್ಟೋರ್ಸ್, ಹೆಡ್ ಆಫೀಸ್, ಎಲ್ಲರಿಗೂ. ಲೇಬಲ್ ತಪ್ಪು, ಮಸಾಲೆ ಸೇರಿ ಸೋಡಿಯಂ 930, ಲೋಡ್ ಮಾಡಬೇಡಿ. ಕೆಳಗೆ ಪೂರ್ತಿ ಹೆಸರು, ಶೋಭಾರಾಣಿ.

ವಿಶ್ವನಾಥ್ ಸರ್ ಫೋನ್. ಎರಡು ಸಲ ಎತ್ತಲಿಲ್ಲ. ಒಳಗಿನಿಂದ ಅಮ್ಮ: "ಎತ್ತೇ, ಎಷ್ಟೊತ್ತು ಬಡ್ಕೊತಾ ಇರ್ತದೆ?"

ಮತ್ತೆ ರಿಂಗ್. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಅವರ ಧ್ವನಿ ಕೇಳಿದ ಕೂಡಲೇ ತಡವರಿಸುತ್ತೇನೆ. ಸರ್, ಸೈನ್ ನಂದೇ. ಅದಕ್ಕೇ ವಾಪಸ್ ತಗೋತಿದ್ದೀನಿ.