ಕಾಸಿಂಬಿಯ ಒಲೆಯ ಮೇಲೆ

12-11-1979, ಸಂಜೆ ನಾಲ್ಕು

ಮಗ್ಗಗಳು ನಿಂತವು. ಗುಳೇದಗುಡ್ಡದ ನಮ್ಮ ಓಣಿಗೆ ಗಡಿಯಾರ ಬೇಕಿಲ್ಲ. ಸದ್ದು ನಿಂತರೆ ಚಹಾದ ಹೊತ್ತು. ನಮ್ಮ ಮನೆಯ ಚಹಾದ ಮಹಾಸಭೆ ಸೇರಿತು. ಅಪ್ಪ ಅಧ್ಯಕ್ಷರು, ಸಕ್ಕರೆ ಡಬ್ಬಿ ಅವ್ವನ ಖಾತೆ, ನಾನು ವಿರೋಧ ಪಕ್ಷ. ಅಪ್ಪನ ಮಗ್ಗದ ಲಾಳಿ ಅಡಗಿಸಿಟ್ಟಿದ್ದಕ್ಕೆ ನನ್ನ ಮೇಲೆ ಖಂಡನಾ ನಿರ್ಣಯ. ಸರ್ವಾನುಮತದಿಂದ ಪಾಸ್. ಸಭೆ ಬರಖಾಸ್ತು.

17-11-1979

ನಿನ್ನೆ ಮಧ್ಯಾಹ್ನ ಅಪ್ಪ ಮಗ್ಗದ ಕುಣಿಯಲ್ಲಿ ನೇಯುತ್ತ ಕೂತಲ್ಲೇ ಒರಗಿದ. ಹಾರ್ಟ್ ಎಂದರು ಡಾಕ್ಟರು. ಸಂಜೆಗೇ ಮಣ್ಣು ಕೊಟ್ಟು ಬಂದೆವು. ಇಷ್ಟೇ.

ಓಣಿಯ ಮಗ್ಗಗಳೆಲ್ಲ ಬೆಳಗಿನಿಂದ ಸುಮ್ಮನಿವೆ. ಹೊತ್ತು ಎಷ್ಟಾಯಿತೋ...

17, ಸಂಜೆ ಇರಬೇಕು

ಮೂರು ದಿನ ನಮ್ಮ ಒಲೆ ಹಚ್ಚುವಂತಿಲ್ಲ. ನೆಂಟರು ರೊಟ್ಟಿ ತಂದರು, ಮಗ್ಗುಲ ಮನೆಯ ಕಾಸಿಂಬಿ ಕೆಟಲಿನಲ್ಲಿ ಚಹಾ. ಎಲ್ಲರೂ ಕುಡಿದರು — ಅವ್ವನ ಹೊರತು. ನಿನ್ನೆಯಿಂದ ಹನಿ ನೀರಿಲ್ಲ, ಮಾತಿಲ್ಲ. ಸೋದರತ್ತೆ ಗುರುಸಿದ್ದವ್ವ ತುಟಿಗೆ ಹಿಡಿದರೂ ಬಾಯಿ ತೆರೆಯಲಿಲ್ಲ. ನಾಳೆಯೂ ಹೀಗೇ ಇದ್ದರೆ ಬಾಗಲಕೋಟೆ ದವಾಖಾನೆಗೆ ಒಯ್ಯಿರಿ, ಜೀವದ ಭರವಸೆ ಕೊಡಲಾಗದು ಎಂದರು ಡಾಕ್ಟರು. ತಲೆಯಾಡಿಸಿದೆ. ಏನೂ ಅನ್ನಿಸಲಿಲ್ಲ. ಹುಡುಗ ಗಟ್ಟಿಗ ಎಂದು ಜನ ಮಾತಾಡಿಕೊಂಡರು. ಕಲ್ಲೂ ಗಟ್ಟಿಯೇ.

18-11-1979

ಕಾಸಿಂಬಿ ಮತ್ತೆ ಚಹಾ ತಂದಳು. ಒಂದು ಗುಟುಕು ಕುಡಿದೆ. ಸಾವಿನ ಮನೆಯ ಚಹಾದಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ. ಕೊಟ್ಟದ್ದನ್ನು ಕುಡಿದು ಕೂರುವುದು ರೂಢಿ. ನನ್ನ ನಾಲಿಗೆ ಅದನ್ನು ಮರೆಯಿತು.

"ಕಾಸಿಂಬಿ, ಇದು ಚಾನೋ, ಹೊಗಿ ಕಷಾಯನೋ?"

ಕಾಸಿಂಬಿ ಸೆರಗನ್ನು ಬಾಯಿಗೆ ಹಿಡಿದಳು. ಅತ್ತೆ ನನ್ನ ಕಪಾಳಕ್ಕೆ ಬಾರಿಸಲೆಂದೇ ಎದ್ದಳು. ಅಷ್ಟರಲ್ಲಿ ಮೂಲೆಯಿಂದ ಅವ್ವ —

"ಮಾಡಿ ತಂದಾಕಿಗೆ ಹಂಗ ಅಂತಾರೇನಲೇ ಭಾಡ್ಯಾ? ತಾ ಇಲ್ಲಿ."

ನನ್ನ ಚಹಾದ ಬಸಿ ಕಸಿದು ಬಾಯಿಗಿಟ್ಟಳು. ಎಲ್ಲರೂ ಅವಳ ಗಂಟಲನ್ನೇ ನೋಡಿದೆವು. ನುಂಗಿದಳು.

"ಒಲಿಗೆ ಹಸಿ ಕಟಗಿ ಹಚ್ಚೀಯೇನ?"

"ಹೂನ್ರಿ, ಅಕ್ಕಾ."

"ನಡಿ."

ಗಂಡ ಸತ್ತವಳು ಇಷ್ಟು ಬೇಗ ಹೊಸ್ತಿಲು ದಾಟಬಾರದೆಂದು ಅತ್ತೆ ಅಡ್ಡ ನಿಂತಳು. "ಹಚ್ಚಬಾರದ್ದು ನಮ್ಮ ಒಲಿ. ಅಕಿ ಒಲಿಗೇನಾಗೇತಿ?" ಎಂದು ಅವ್ವ ದಾಟಿದಳು.

18, ಆಮೇಲೆ

ಕಾಸಿಂಬಿಯ ಒಲೆಯ ಮೇಲೆ ಹೊಸ ಚಹಾ ಮಾಡಿ, ಕೆಟಲು ಅವ್ವನೇ ಹೊತ್ತು ತಂದಳು. ಮೊದಲು ಕಾಸಿಂಬಿಗೆ, ಆಮೇಲೆ ಎಲ್ಲರಿಗೆ. ತಾನೂ ಅರ್ಧ ಬಸಿ ಕುಡಿದಳು. ನನ್ನೆದುರು ಕೂತು, ಈಗ ಹೇಳು ಹೆಂಗೇತಿ ಎಂದಳು. ಏನಾದರೂ ಚೇಷ್ಟೆಯ ಮಾತಾಡಬೇಕಿತ್ತು. ಬಾಯಿ ತೆರೆದೆ. ಚಹಾ ಚೆಲ್ಲಿತು, ಅವ್ವ ಬಸಿ ಹಿಡಿದುಕೊಂಡಳು, ನಾನು ಅಪ್ಪ ಹೋದ ಮೇಲೆ ಮೊದಲ ಸಲ ಅತ್ತುಬಿಟ್ಟೆ.